ಗುಟ್ಟಿನ ಮನುಷ್ಯನಿಗೆ ಒಂದು ವಾರ

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ತಮ್ಮ ಬಂದವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದ. ಟೀವಿ ಧಾರಾವಾಹಿಯಲ್ಲಿ ಅವನಿಗೆ ಸಿಕ್ಕಿದ್ದ ಪಾತ್ರ ಕೈತಪ್ಪುವ ಹಾಗಿತ್ತು.

"ಒಂದು ವಾರ ಟೈಮ್ ಕೊಟ್ಟಾರಕ್ಕ. ಮುಖದಾಗ ಗುಟ್ಟು ಕಾಣವಲ್ದು ಅಂತಾರ ಡೈರೆಕ್ಟರು. ಸೋಮವಾರನೂ ಕಾಣಲಿಲ್ಲಂದ್ರ ಬ್ಯಾರೆಯವರನ್ನ ಹಾಕ್ತಾರಂತ."

ನಲವತ್ತಾರು ವಯಸ್ಸಿನ ಸಾಲೆ ಮಾಸ್ತರ ಅವನು. ಟೀವಿಯಲ್ಲಿ ಇಷ್ಟು ವರ್ಷ ಗುಂಪಿನೊಳಗೆ ನಿಂತಿದ್ದೇ ಬಂತು. ಒಮ್ಮೆ ಹೆಣವಾಗಿ ಮಲಗಿದ್ದ. ಮಾತಿರುವ ಪಾತ್ರ ಇದೇ ಮೊದಲು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿಗೆ ಮುಂಚೆ ಒಂದು ಊರಿಗೆ ಬರುವ ಅಪರಿಚಿತ. ನಿಜಾಮನ ಪರದ ರಜಾಕಾರರ ಕಡೆಯವನೋ, ಗಡಿಯಾಚೆಯ ಶಿಬಿರದಿಂದ ಅವರ ವಿರುದ್ಧ ಬಂದ ಹೋರಾಟಗಾರನೋ ಯಾರಿಗೂ ತಿಳಿಯಬಾರದು. ಶೂಟಿಂಗು ನಡೆಯುತ್ತಿದ್ದುದು ನಮ್ಮ ತವರೂರು ಕಮಲಾಪುರದಲ್ಲೇ.

ಆ ವಾರ ಅವನು ನಮ್ಮ ಮನೆಯಲ್ಲುಳಿದು ಗುಟ್ಟು ಹುಡುಕಿದ. ಕಂಬಳಿ ಹೊದ್ದು ಮೂಲೆಯಲ್ಲಿ ಕೂತ. ಕಣ್ಣು ಅರ್ಧ ಮುಚ್ಚಿ ದಿಟ್ಟಿಸಿದ. ಊಟಕ್ಕೆ ಕರೆದರೆ ಮಾತಿಲ್ಲ. ಲಿಂಗಪೂಜೆಗೆ ಕೂತ ನನ್ನ ಬೆನ್ನ ಹಿಂದೆ ಸಪ್ಪಳವಿಲ್ಲದೆ ಬಂದು ನಿಂತ ದಿನ ನನ್ನ ತಾಳ್ಮೆ ಹೋಯಿತು.

"ಇದೇನ್ ಗುಟ್ಟೋ? ಕಳ್ಳ ಬೆಕ್ಕಿನಂಗ ಅದ. ಇಂಥವ ಊರಿಗೆ ಬಂದ್ರ ಮೊದಲನೇ ದಿನಾನೇ ಗಿಡಕ್ಕ ಕಟ್ಟತಿದ್ರು."

"ಮತ್ತ ಹೆಂಗಿರ್ತಾನ, ನೀನೇ ಹೇಳು. ಅಂಥವನ್ನ ನೋಡಿದಾಕಿ ನೀನು. ನಾ ಆಗ ತೊಟ್ಟಿಲದಾಗಿದ್ದೆ."

ನೋಡಿದ್ದು ನಿಜ. ನನಗಾಗ ಒಂಬತ್ತು ವರ್ಷ. ನಿಜಾಮ ಸರ್ಕಾರದ ಕಡೆಯ ಮಳೆಗಾಲ; ಊರೆಲ್ಲ ಕದ ಹಾಕಿಕೊಂಡಿತ್ತು. ಒಬ್ಬ ಮನುಷ್ಯ ಬಂದು ನಮ್ಮ ಬಾಳೆತೋಟದ ಗುಡಿಸಲಿನಲ್ಲಿ ನಾಲ್ಕು ದಿನ ಇದ್ದ. ಕಟ್ಟಿಗೆ ಒಡೆದುಕೊಟ್ಟ, ನೀರು ಸೇದಿಕೊಟ್ಟ. ಯಾವೂರು ಎಂದು ಕೇಳಿದರೆ "ಇಲ್ಲೇರಿ" ಎಂದು ನಗುತ್ತಿದ್ದ. ಅವ್ವನಿಗೆ ಸಂಶಯವೇ ಬಂದಿರಲಿಲ್ಲ. ಹೊರಡುವ ದಿನ ರೊಟ್ಟಿ ಬುತ್ತಿ ಇಸಿದುಕೊಂಡು, "ಹೋಗ್ತೀನ್ರಿ ತಾಯಿ" ಅಂದ.

ನಮ್ಮಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ಓಣಿಯ ಬಾವಿಗೆ ಹೋಗುವವರೂ 'ಬರ್ತೀನಿ' ಎಂದೇ ಮನೆ ದಾಟುತ್ತಾರೆ. 'ಹೋಗ್ತೀನಿ' ಅಂದರೆ ತಿರುಗಿ ಬರುವುದಿಲ್ಲ ಎಂದ ಹಾಗೆ.

"ಬರ್ತೀನಿ ಅನ್ನಪ್ಪ," ಅಂದಳು ಅವ್ವ.

ಅವನು ಕೈಮುಗಿದ, ಮಾತು ತಿದ್ದಿಕೊಳ್ಳಲಿಲ್ಲ. ಸಾಯಲು ಹೊರಟವನೋ, ಕೊಲ್ಲಲು ಹೊರಟವನೋ? ಅವ್ವ ಅವತ್ತು ಒಲೆ ಹೊತ್ತಿಸಲಿಲ್ಲ. ಅವನು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ನಮ್ಮ ಮನೆಗೆ ಏನೂ ಆಗಲಿಲ್ಲ, ಶಿವನ ದಯೆ.

ಇದನ್ನೆಲ್ಲ ಕೇಳಿ ತಮ್ಮ ತನ್ನ ಪಾತ್ರದ ಮಾತು ಬರೆದ ಕಾಗದ ತೆಗೆದು ತೋರಿಸಿದ. ಅಪರಿಚಿತ ಬೆರಳೆತ್ತಿ "ನಾನು ಮತ್ತೆ ಬರುತ್ತೇನೆ" ಎಂದು ಹೆದರಿಸಬೇಕೆಂದು ಬರೆದಿತ್ತು.

"ಬರ್ತೀನಿ ಅಂದ್ರ ನಮ್ಮ ಕಡೆ ಯಾರು ಅಂಜ್ತಾರೋ? ಚಹಾಕ್ಕ ನೀರಿಡ್ತಾರ."

ಅವನು ನಕ್ಕ. ಮರುದಿನ ಕಂಬಳಿ ಮಡಿಚಿಟ್ಟು ನೀರು ತುಂಬಿದ, ಪಲ್ಯೆಯ ಸೊಪ್ಪು ಸೋಸಿದ, ಕೇಳಿದ್ದಕ್ಕೆಲ್ಲ ನಗುತ್ತಾ ಅರ್ಧ ಉತ್ತರ ಕೊಟ್ಟ. ಮೂರನೆಯ ದಿನಕ್ಕೆ, ಒಡಹುಟ್ಟಿದವನಾದರೂ, ಅವನೊಬ್ಬನೇ ಅಡುಗೆಮನೆಯಲ್ಲಿದ್ದರೆ ಒಳಗೆ ಹೋಗಲು ನನಗೇ ಹಿಂಜರಿಕೆಯಾಯಿತು.

ಸೋಮವಾರ ಕಮಲಾಪುರಕ್ಕೆ ನಾನೂ ಹೋದೆ. ಕ್ಯಾಮೆರಾ ಮುಂದೆ ತಮ್ಮ ಬರೆದ ಮಾತು ಬಿಟ್ಟು, ಮೆಲ್ಲಗೆ "ಹೋಗ್ತೀನ್ರಿ ತಾಯಿ" ಅಂದ. ಗುಂಪಿನ ದೃಶ್ಯಕ್ಕೆಂದು ಕೂಡಿಸಿದ್ದ ಊರ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಬ್ಬ ಮುದುಕಿ ಶೂಟಿಂಗು ಎಂಬುದನ್ನೇ ಮರೆತು, "ಹಂಗನಬಾರ್ದು, ನನ್ನಪ್ಪ" ಅಂದಳು.

ಡೈರೆಕ್ಟರು ಬೆಂಗಳೂರಿನ ಕಡೆಯವರು. "ಹೋಗ್ತೀನಿ ಅನ್ನೋದ್ರಲ್ಲಿ ಏನ್ ಸಾರ್ ಭಯ ಇದೆ?" ಅಂದರು. ನಾನು ಬಿಡಿಸಿ ಹೇಳಲು ಹೋದೆ. ಅವರು ಕಿವಿಗೊಡದೆ ಪುಟ್ಟ ಪರದೆಯಲ್ಲಿ ಹೆಂಗಸರ ಮುಖಗಳನ್ನು ಎರಡು ಸಲ ನೋಡುತ್ತಾ ತಲೆಯಾಡಿಸಿದರು.

"ಇವ್ರು ನಿಜವಾಗ್ಲೂ ಹೆದರಿದಾರೆ. ಪಾತ್ರ ನಿಮ್ದೇ ಸಾರ್. ಮಾತು ಮಾತ್ರ ಬರೆದ ಹಾಗೇ ಹೇಳ್ಬಿಡಿ, ಆ ಮುಖಗಳನ್ನ ಅದರ ಪಕ್ಕ ಅಂಟಿಸ್ಕೋತೀವಿ."

ತಮ್ಮ ಬೆರಳೆತ್ತಿ ಹೇಳಿದ. ಚಪ್ಪಾಳೆ ಬಿತ್ತು. ಆ ಮುದುಕಿ ಮಾತ್ರ "ಹ್ಞಾಂ, ಬಾ ಮತ್ತ," ಎಂದು ಸಮಾಧಾನದಿಂದ ಎಲೆ ಅಡಿಕೆ ಬಿಚ್ಚಿದಳು.

"ಪಾತ್ರ ಉಳೀತಲ್ಲಕ್ಕ," ಅಂದ ತಮ್ಮ, ಬಸ್ಸಿನಲ್ಲಿ.

ಉಳಿಯಿತು, ಅಷ್ಟಾದರೂ ಕೊಟ್ಟನಲ್ಲ ಶಿವ ಎಂದುಕೊಂಡೆ. ನನ್ನ ಒಂದು ಮಾತು ಕೇಳಲು ಆ ಡೈರೆಕ್ಟರಿಗೇನು ಧಾಡಿ ಎಂಬ ಸಿಟ್ಟು ಮಾತ್ರ ಇಳಿಯಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ರೊಟ್ಟಿಯ ಹಿಟ್ಟಿಗೆ ಎಸರಿಟ್ಟೆ.