ಅವ್ವನ ಗೇಣು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಶಾಲೆಯ ಮಕ್ಕಳಿಂದ ಹಿಡಿದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ವರ್ಷ ಕೋಪ ಬಂದದ್ದು ನನ್ನ ಮೇಲೆಯೇ. ಎರಡು ಸಾವಿರದ ಆಸುಪಾಸು, ಚಳ್ಳಕೆರೆಯಲ್ಲಿ ಟೀಚರಮ್ಮನೊಬ್ಬಳು ಕಾರು ಓಡಿಸಿದರೆ ಜನ ನಿಂತು ನೋಡುತ್ತಿದ್ದ ಕಾಲ. ದಾವಣಗೆರೆಯ ಹುಡುಗನೊಬ್ಬನಿಂದ ಹಳೆಯ ಸಣ್ಣ ಬಿಳಿ ಕಾರು ಕೊಂಡೆ. ಅವನು ಶೋಕಿಗೆಂದು ಕಂಪನಿ ಸ್ಪ್ರಿಂಗು ತೆಗೆಸಿ, ಎತ್ತರ ಏರಿಸಿ ಇಳಿಸಲು ಬರುವಂಥ ಬೇರೆ ಸ್ಪ್ರಿಂಗು ಹಾಕಿಸಿ, ಪೂರ್ತಿ ಇಳಿಸಿಬಿಟ್ಟಿದ್ದ. ನಾನು ಬಣ್ಣ ನೋಡಿದೆ, ಎತ್ತರ ನೋಡಲಿಲ್ಲ.

ಕಾರು ಕೊಂಡದ್ದೇ ಅವ್ವನಿಗಾಗಿ. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಎರಡು ವರ್ಷದಿಂದ ಅವಳು ಮೊಳಕಾಲ್ಮೂರಿನಲ್ಲಿದ್ದ ತನ್ನ ಅಕ್ಕನ ಮುಖ ನೋಡಿರಲಿಲ್ಲ. ಮೊದಲ ದಿನ ಒಳ್ಳೆಯ ಸೀರೆಯುಟ್ಟು ಕಾರಿನಲ್ಲಿ ಕೂತಳು. ಕೂತಳು ಅನ್ನುವುದಕ್ಕಿಂತ ಬಿದ್ದಳು ಅನ್ನಬೇಕು. ಬೀದಿ ತುದಿಯ ಹಂಪ್ಸಿಗೇ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು. ತಿರುಗಿ ಮನೆಗೆ ಬಂದರೆ ಅವ್ವನಿಗೆ ಏಳಲು ಆಗಲಿಲ್ಲ. ನಾನೂ ಪಕ್ಕದ ಮನೆಯವರೂ ರಟ್ಟೆ ಹಿಡಿದು ಎಳೆದೆವು. ಬೀದಿಗೆ ಬೀದಿಯೇ ನೋಡಿತು.

“ನಾನೇನು ಶೇಂಗಾ ಮೂಟೇನಾ, ಹಮಾಲರು ಎತ್ತಿ ಇಳ್ಸಾಕೆ?” ಎಂದಳು. “ನಾನಾಗೇ ಕುಂತು ನಾನಾಗೇ ಏಳಂಗಿದ್ರೆ ಬರ್ತೀನಿ. ಇಲ್ದಿದ್ರೆ ಅಕ್ಕನ್ನ ನೋಡೋದೇ ಬ್ಯಾಡ.”

ಅವ್ವ ಹಾಗೆಂದ ಮೇಲೆ ಮುಗಿಯಿತು. ಮುಂದಿನ ಭಾನುವಾರ ಎರಡು ಬೀದಿ ಆಚೆಯ ಗ್ಯಾರೇಜಿಗೆ ಹೋದೆ. ವಯಸ್ಸಾದ ಮೇಸ್ತ್ರಿ ಜಾಕ್ ಹಚ್ಚಿ ಚಕ್ರ ಬಿಚ್ಚಿ ತೋರಿಸಿದರು. ಸ್ಪ್ರಿಂಗಿನ ಬುಡದಲ್ಲಿ ದಪ್ಪ ಬಳೆಯಂಥ ನಟ್ಟು. ಅದನ್ನು ಮೇಲಕ್ಕೆ ತಿರುಗಿಸಿದರೆ ಕಾರು ಏರುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಮಣ್ಣು ಕಚ್ಚಿ ಬಿಗಿದಿದ್ದ ನಟ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಸಡಿಲ ಮಾಡಿದರು.

“ನೆಲದಿಂದ ಬಾಗಿಲ ಕೆಳಗಿನ ಅಂಚಿಗೆ ಒಂದು ಗೇಣು ಇದ್ರೆ ಪಕ್ಕಾ ಟೀಚರಮ್ಮ,” ಎಂದರು. ಅಳತೆ ಟೇಪನ್ನು ಯಾರೋ ಬಡಗಿ ಒಯ್ದಿದ್ದನಂತೆ. ಟೇಪು ಯಾಕೆ, ಕೈ ಇಲ್ಲವೇ ಎಂದರು. ಕೆಲಸ ಬೇಗ ಮುಗಿಯಲೆಂದು ಒಂದು ಮೂಲೆಯನ್ನು ಮೇಸ್ತ್ರಿ ಅಳೆದರು, ಒಂದನ್ನು ಅಲ್ಲಿ ಕಾಯುತ್ತಿದ್ದ ಲಾರಿ ಡ್ರೈವರು, ಒಂದನ್ನು ಎದುರಿನ ಚಹಾ ಅಂಗಡಿಯವರು. ನಾನೇನು ಕಡಿಮೆ ಎಂದು ನಾಲ್ಕನೆಯದಕ್ಕೆ ನಾನು ಕೈ ಇಟ್ಟೆ. ಲಾರಿ ಡ್ರೈವರದ್ದು ಮೊರದಗಲದ ಕೈ. ನನ್ನದು ಬಳೆಗಾರರು ಇಂದಿಗೂ ಹುಡುಗಿಯರ ಅಳತೆಯ ಬಳೆ ತೊಡಿಸುವ ಕೈ. ನಾಲ್ವರದ್ದೂ ಸರಿಯಾಗಿ ಒಂದೊಂದು ಗೇಣು! ದೂರ ನಿಂತು ನೋಡಿದರೆ ಕಾರು ಕಂಬದ ಬುಡದಲ್ಲಿ ಕಾಲೆತ್ತಿದ ನಾಯಿಯ ಹಾಗೆ ವಾಲಿತ್ತು.

ನಾನು ರೇಗಿದೆ. ಮೇಸ್ತ್ರಿ ತಣ್ಣಗೆ, “ಐದು ಬೆರಳು ಒಂದೇ ಸಮ ಇರ್ತಾವೇನ್ರೀ?” ಎಂದರು.

“ಬೆರಳು ಹೆಂಗಾದ್ರೂ ಇರ್ಲಿ, ಚಕ್ರ ಸಮ ಇರ್ಬೇಕಲ್ರೀ!” ಎಂದೆ. ಮೂವರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ವಾಲಿದ ಕಾರನ್ನೇ ಮನೆಗೆ ತಂದೆ. ಜಗಲಿ ಮೇಲೆ ಕೂತಿದ್ದ ಅವ್ವ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಥೆ ಕೇಳಿ ಇನ್ನಷ್ಟು ನಕ್ಕಳು. ಆಮೇಲೆ ತಾನು ಕೂತ ಜಗಲಿಯನ್ನು ಗೇಣು ಹಾಕಿ ಅಳೆದಳು. “ಎರಡು ಗೇಣು ಮೂರು ಬೆಳ್ಳು. ದಿನಾ ಇಲ್ಲಿ ಕುಂತು ಏಳ್ತೀನಲ್ಲ, ಸೀಟು ಇಷ್ಟೇ ಎತ್ತರ ಇರ್ಲಿ. ನಡಿ, ನಾನೇ ಬರ್ತೀನಿ.”

ಕೋಲೂರಿಕೊಂಡು ನಡೆದೇ ಬಂದಳು. ಮೇಸ್ತ್ರಿ ಎದ್ದು ನಿಂತು, “ನೀವು ಹೇಳಿದಂಗೆ ಅವ್ವಾರೇ,” ಎಂದರು. ಅವ್ವ ಸೀಟಿನಲ್ಲಿ, ನಾನು ಸ್ಟಿಯರಿಂಗಿನ ಹಿಂದೆ. ನಮ್ಮ ಭಾರ ಬಿದ್ದಾಗಿನ ಎತ್ತರವೇ ಲೆಕ್ಕಕ್ಕೆ ಎಂದರು. ಮೊದಲ ಸಲ ಕಾರು ಹೆಚ್ಚಾಗಿ ಏರಿ ಅವ್ವನ ಪಾದ ನೆಲಕ್ಕೆ ಸಿಗಲಿಲ್ಲ. ಎರಡನೆಯ ಸಲ ಇಳಿದದ್ದು ಅತಿಯಾಯಿತು. ಪ್ರತಿ ಸಲವೂ ಕಾರನ್ನು ಹಿಂದೆ ಮುಂದೆ ದೂಡಿ, ಸ್ಪ್ರಿಂಗು ಕೂತ ಮೇಲೆ, ಅವ್ವ ಸೀಟಿನಲ್ಲಿ ಕೂತಿದ್ದಂತೆಯೇ, ಅವಳ ಗೇಣಿನಷ್ಟು ಉದ್ದ ಮುರಿದ ಒಂದೇ ಕಡ್ಡಿಯಿಂದ ಮೇಸ್ತ್ರಿ ನಾಲ್ಕೂ ಮೂಲೆ ಅಳೆದರು. ಬೇರೆ ಯಾರ ಗೇಣನ್ನೂ ಅವ್ವ ಒಪ್ಪಲಿಲ್ಲ. ಮೂರನೆಯ ಸಲ ಕೂತಳು, ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. “ಬರಾಬರ್!” ಎಂದು ಮೇಸ್ತ್ರಿ ನಟ್ಟು ಬಿಗಿದರು.

ಅಂದು ಮಧ್ಯಾಹ್ನವೇ ಹೊರಟೆವು. ದಾರಿಯುದ್ದಕ್ಕೂ ಹಂಪ್ಸು ಬಂದಾಗಲೆಲ್ಲ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಒಂದಕ್ಕೂ ಉಜ್ಜಲಿಲ್ಲ. ಮೊಳಕಾಲ್ಮೂರಿನಲ್ಲಿ ಮಗ್ಗದ ಸದ್ದಿನ ಬೀದಿಯಲ್ಲಿ ಕಾರು ನಿಲ್ಲಿಸಿದೆ. ಬಾಗಿಲಿಗೆ ಬಂದ ದೊಡ್ಡವ್ವ “ಚೆಲ್ಲೀ!” ಎಂದು ಗಡಿಸೀಮೆಯ ತೆಲುಗಿನಲ್ಲಿ ಕೂಗುತ್ತಾ, ತಂಗಿಯನ್ನು ಎತ್ತಿಕೊಳ್ಳುವಂತೆ ಎರಡೂ ಕೈ ಚಾಚಿ ಓಡಿಬಂದಳು.

“ಮುಟ್ಟಬ್ಯಾಡ, ಅಲ್ಲೇ ನಿಲ್ಲು!” ಎಂದಳು ಅವ್ವ. ಪಾದ ಎರಡೂ ನೆಲಕ್ಕೂರಿದಳು. ಎದ್ದಳು. ತಾನಾಗೇ.

ದೊಡ್ಡವ್ವ ಅಳುತ್ತಾ, “ಬಸ್ಸೇ ಹತ್ತಕಾಗ್ದೋಳು ಹೆಂಗೆ ಬಂದ್ಯೇ?” ಎಂದಳು.

ಅವ್ವ ಬಲಗೈ ಬೆರಳಗಲಿಸಿ ಗೇಣು ತೋರಿಸಿ, “ಇದ್ರಾಗೆ ಬಂದೆ,” ಎಂದಳು.