ಮೋತ್ಯಾನ ಕೊನೆಯ ಜಳಕ

ಈಗ ಕೆರೂರಿನಂಥ ಊರಿನಲ್ಲೂ ನಾಯಿಗೆಂದೇ ಮಾಡಿದ ಸಾಬೂನು, ನಾಯಿಗೆಂದೇ ಮಾಡಿದ ಬ್ರಶ್ಶು ಸಿಗುತ್ತವೆ. ನಾನು ಹೇಳುತ್ತಿರುವ ದಿನಗಳಲ್ಲಿ ಗುಡೂರಿನ ನಮ್ಮ ಮನೆಯಲ್ಲಿ ಏಳು ಮಂದಿಗೆ ಸೇರಿ ಒಂದೇ ಮೈಸಾಬೂನು ಇರುತ್ತಿತ್ತು, ಅದೂ ಅರ್ಧ ಕರಗಿ ಕಲ್ಲಿಗೆ ಅಂಟಿಕೊಂಡಿರುತ್ತಿತ್ತು. ನಾಯಿಗೆ ಜಳಕ ಮಾಡಿಸುವ ಮನೆ ಎಂದು ನಮ್ಮ ಓಣಿಯಲ್ಲಿ ಇದ್ದದ್ದು ನಮ್ಮದೊಂದೇ. ಮಾಡಿಸುತ್ತಿದ್ದವಳು ನಾನು. ನನಗೆ ಹತ್ತು ವರ್ಷ ತುಂಬಿದ ಆ ಬೇಸಿಗೆಯ ನಂತರ ಯಾವ ನಾಯಿಯ ಮೈಗೂ ನಾನು ನೀರು ಹಾಕಿಲ್ಲ. ಯಾಕೆಂದು ಹೇಳಹೊರಟರೆ ಸಿಟ್ಟು ಬರುತ್ತದೆ. ಬರಲಿ. ಸಿಟ್ಟಾಗಬೇಕಿದ್ದ ವಿಷಯಕ್ಕೆ ಇಪ್ಪತ್ತು ವರ್ಷ ನಾಚಿಕೆಪಟ್ಟುಕೊಂಡು ಬದುಕಿದ್ದೇನೆ.

ಮೋತ್ಯಾ ಬಿಳಿ ನಾಯಿ. ಬೆನ್ನ ಮೇಲೆ ಬೆಲ್ಲದ ಬಣ್ಣದ ಎರಡು ಮಚ್ಚೆ. ಒಂದು ಕಿವಿ ನೆಟ್ಟಗೆ ನಿಲ್ಲುತ್ತಿತ್ತು, ಇನ್ನೊಂದು ಯಾವಾಗಲೂ ಮಡಚಿಕೊಂಡೇ ಇರುತ್ತಿತ್ತು. ಅಪ್ಪ ಅವನನ್ನು ಮರಿಯಿದ್ದಾಗ ಅಂಗಿಯೊಳಗೆ ಹಾಕಿಕೊಂಡು ತಂದಿದ್ದನಂತೆ. ನಾನು ಸಾಲಿ ಬಿಟ್ಟು ಬರುವ ಹೊತ್ತಿಗೆ ಓಣಿಯ ತಿರುವಿನಲ್ಲಿ ಕೂತಿರುತ್ತಿದ್ದ. ನನ್ನ ಚೀಲದ ವಾಸನೆ ನೋಡಿ, ಬುತ್ತಿಯ ಡಬ್ಬಿಯಲ್ಲಿ ರೊಟ್ಟಿ ಉಳಿದಿದೆಯೋ ಇಲ್ಲವೋ ಎಂದು ತಿಳಿದುಕೊಂಡು, ಆಮೇಲೆ ಬಾಲ ಅಲ್ಲಾಡಿಸುತ್ತಿದ್ದ. ಅಷ್ಟರ ಮಟ್ಟಿಗೆ ಲೆಕ್ಕಾಚಾರದ ನಾಯಿ.

ಭಾನುವಾರ ಅವ್ವ ನಮ್ಮ ತಲೆ ಎರೆಯುತ್ತಿದ್ದಳು. ಉಳಿದ ಸೀಗೆಕಾಯಿ ಪುಡಿ, ಹಂಡೆಯ ತಳದ ಬಿಸಿನೀರು ಮೋತ್ಯಾನ ಪಾಲಿಗೆ. ಹಿತ್ತಲಲ್ಲಿ ಜಳಕಕ್ಕೆಂದು ಅಪ್ಪ ಇಳಕಲ್ಲಿನಿಂದ ತಂದು ಹಾಕಿದ ಒಡಕು ಗ್ರಾನೈಟ್ ಕಲ್ಲಿತ್ತು, ಕೆಂಪನೆಯದು, ಒಂದು ಬದಿ ಕನ್ನಡಿಯ ಹಾಗೆ ಪಾಲಿಶ್ ಆದದ್ದು. ನೀರು ಬಿದ್ದರೆ ಮನುಷ್ಯರೇ ಜಾರುತ್ತಿದ್ದರು, ಮೋತ್ಯಾನ ಉಗುರುಗಳಂತೂ ಕರಕರ ಎಂದು ಜಾರಿ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು. ಅದಕ್ಕೆ ಮೇಲೊಂದು ಗೋಣಿಚೀಲ ಹಾಸುತ್ತಿದ್ದೆ. ಮೊದಲು ಕಾಲು ತೋಯಿಸಬೇಕು, ಆಮೇಲೆ ಬೆನ್ನು, ಕಟ್ಟಕಡೆಗೆ ತಲೆ. ತಲೆಗೆ ಮೊದಲೇ ನೀರು ಹಾಕಿದರೆ ಮೈಕೊಡವಿ ಹಿತ್ತಲ ಬಾಗಿಲು ದಾಟಿಬಿಡುತ್ತಿದ್ದ. ಅವ್ವನ ಹಳೆಯ ಸೀರೆಯ ತುಂಡಿನಿಂದ ಒರೆಸಿ, ಹಲ್ಲು ಮುರಿದ ಹಣಿಗೆಯಿಂದ ಬಾಚುತ್ತಿದ್ದೆ. ಬಾಚುವಾಗ ಮಾತ್ರ ಕಣ್ಣು ಮುಚ್ಚಿ ರಾಜನ ಹಾಗೆ ನಿಲ್ಲುತ್ತಿದ್ದ. ತೊಯ್ದ ನಾಯಿಯ ವಾಸನೆ, ಸೀಗೆಕಾಯಿಯ ಘಾಟು, ಬಿಸಿಲಿಗೆ ಕಾದ ಕಲ್ಲಿನ ಬಿಸಿ, ಇವು ಸೇರಿದರೇ ನನಗೆ ಭಾನುವಾರ.

ಹಿತ್ತಲ ಗೋಡೆಯಾಚೆ ಹುಸೇನಬಿ ಆಯಿಯ ಮನೆ. ನಾಯಿಯನ್ನು ಮುಟ್ಟಿದರೆ, ಅದು ನೆಕ್ಕಿಬಿಟ್ಟರೆ, ನಮಾಜಿಗೆ ಮುಂಚೆ ಮತ್ತೆ ಎಲ್ಲ ತೊಳೆಯಬೇಕಾಗುತ್ತದೆ ಎಂದು ಅವಳು ಮೋತ್ಯಾನಿಂದ ಎರಡು ಮೊಳ ದೂರವೇ ಇರುತ್ತಿದ್ದಳು. ಆದರೆ ನನ್ನ ಜಳಕದ ಕೆಲಸದ ಮೇಲ್ವಿಚಾರಣೆ ಪೂರ್ತಿ ಅವಳದೇ. ಗೋಡೆಯ ಮೇಲೆ ಮೊಣಕೈ ಊರಿ ನಿಂತು, ಕಿವಿಯ ಹಿಂದೆ ನೋಡು, ಬೆರಳ ಸಂದಿ ನೋಡು, ಉಣ್ಣಿ ಅಲ್ಲೇ ಕೂತಿರುತ್ತವೆ ಎಂದು ಹೇಳುತ್ತಿದ್ದಳು. ಉಣ್ಣಿಗಳನ್ನು ಒಂದೊಂದಾಗಿ ಕಿತ್ತು ಕೊಬ್ಬರಿ ಚಿಪ್ಪಿನಲ್ಲಿದ್ದ ಚಿಮಣಿ ಎಣ್ಣೆಗೆ ಹಾಕುವುದನ್ನು, ಬೇವಿನ ತಪ್ಪಲ ಕುದಿಸಿದ ನೀರನ್ನು ಕೊನೆಗೆ ಸುರಿಯುವುದನ್ನು ಕಲಿಸಿದವಳು ಅವಳೇ. ಒಂದು ಸಲವಾದರೂ ಅವಸರ ಮಾಡಿದವಳಲ್ಲ.

ಆ ವರ್ಷ ಬಿಸಿಲು ಜೋರಿತ್ತು, ಉಣ್ಣಿಯೂ ಜೋರು. ಎಷ್ಟು ಕಿತ್ತರೂ ಮರುದಿನ ಅಷ್ಟೇ. ಮೋತ್ಯಾ ಬಾಗಿಲ ಕಟ್ಟೆಗೆ ಮೈ ಉಜ್ಜಿ ಉಜ್ಜಿ ಕುತ್ತಿಗೆಯ ಬಳಿ ಕೂದಲೇ ಹೋಗಿತ್ತು. ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಹಬ್ಬಕ್ಕೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚುವ ಮುಂಚೆ ಅವುಗಳ ಉಣ್ಣಿ ತೆಗೆಯುವ ಕೆಲಸ ಕಾಕಾನದು. ಕಾಕಾ ಎಂದರೆ ಅಪ್ಪನ ತಮ್ಮ, ನಮ್ಮ ಜೊತೆಗೇ ಇದ್ದವನು. ಪಿಯುಸಿ ತನಕ ಓದಿದವನು, ಮನೆಯಲ್ಲಿ ಬಾಟಲಿಯ ಮೇಲಿನ ಅಕ್ಷರ ಓದಬಲ್ಲವನು ಅವನೊಬ್ಬನೇ ಎಂಬ ಹೆಸರು ಅವನಿಗಿತ್ತು. ಓದಬಲ್ಲವನು ಓದಿಯೇ ಇರುತ್ತಾನೆ ಎಂದು ನಾವೆಲ್ಲ ನಂಬಿದ್ದೆವು.

ಅವನು ಎತ್ತುಗಳಿಗೆ ಹಚ್ಚುತ್ತಿದ್ದುದು ಹತ್ತಿಯ ಹುಳಕ್ಕೆ ಹೊಡೆಯುವ ಔಷಧ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆಗ ಅದೇ ರೂಢಿ. ಬೆಳೆಯ ಹುಳ ಸಾಯುವುದಾದರೆ ಮೈಯ ಹುಳ ಯಾಕೆ ಸಾಯಬಾರದು ಎಂಬುದು ಎಲ್ಲರ ವಿಚಾರ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಔಷಧ ಹಾಕಿ, ಅರಿವೆ ಅದ್ದಿ ಎತ್ತುಗಳ ಮೈಗೆ ಒರೆಸಿದ. ಅರ್ಧ ಬಕೆಟ್ ಉಳಿಯಿತು. ಮೋತ್ಯಾನ ಕುತ್ತಿಗೆ ನೋಡಿ, ಇವನಿಗೆ ಇಷ್ಟು ಸಾಲದು ಎಂದು ಇನ್ನೊಂದು ಮುಚ್ಚಳ ಸುರಿದ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಕೆಟ್ ನನ್ನ ಮುಂದೆ ಸರಿಸಿದ.

"ಇದನ್ನ ಚಲೋತ್ನಂಗ ತಿಕ್ಕಿ ಬಾಯಿಗೆ ಹಗ್ಗ ಕಟ್ಟು. ಮೈ ಒಣಗೂತನ ಬಿಚ್ಚಬ್ಯಾಡ."

"ಯಾಕ ಕಾಕಾ?"

"ಹೇಳಿದಷ್ಟ ಮಾಡು."

ನಾನು ಬರಿಗೈಯಲ್ಲಿ ತಿಕ್ಕಿದೆ. ಬಗಲು, ಹೊಟ್ಟೆ, ಬೆರಳ ಸಂದಿ, ಹುಸೇನಬಿ ಆಯಿ ಕಲಿಸಿದ ಒಂದು ಜಾಗವನ್ನೂ ಬಿಡಲಿಲ್ಲ. ಕೊಳೆತ ಬಳ್ಳೊಳ್ಳಿಯಂಥ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೂದಲು ಹೋಗಿ ಹಸಿಯಾಗಿದ್ದ ಕುತ್ತಿಗೆಗೆ ಎರಡು ಸಲ ಹಚ್ಚಿದೆ, ಪಾಪ ಬೇಗ ವಾಸಿಯಾಗಲಿ ಎಂದು. ಬಾಯಿಗೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದೆ. ಕಾಕಾ ಎತ್ತು ಹೊಡೆದುಕೊಂಡು ನೆರಳಿಗೆ ಹೋದ.

ಮೋತ್ಯಾ ನರಳತೊಡಗಿದ. ಅದುವರೆಗೆ ಅವನ ಬಾಯಿ ಯಾರೂ ಕಟ್ಟಿರಲಿಲ್ಲ. ಮುಂಗಾಲಿನಿಂದ ಹಗ್ಗ ಕೆರೆಯುತ್ತಿದ್ದ, ನನ್ನ ಮುಖ ನೋಡುತ್ತಿದ್ದ, ಮತ್ತೆ ಕೆರೆಯುತ್ತಿದ್ದ. ಕಟ್ಟಿದ ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಇದನ್ನು ಗಮನಿಸಿ: ಹಗ್ಗ ಇರುವಾಗಲೇ ಇಳಿಯುತ್ತಿತ್ತು. ನಾನು ಅದನ್ನು ಅಳು ಎಂದುಕೊಂಡೆ. ಸ್ವಲ್ಪ ಹೊತ್ತು ತಡೆದೆ, ಆಗಲಿಲ್ಲ. ಹಗ್ಗ ಬಿಚ್ಚಿದೆ. ಅವನು ನನ್ನ ಕೈ ನೆಕ್ಕಲಿಲ್ಲ, ತನ್ನ ಕಾಲನ್ನು ಎರಡು ಮೂರು ಸಲ ನೆಕ್ಕಿಕೊಂಡು ಅಲ್ಲೇ ಅಡ್ಡಾದ.

ಆಮೇಲೆ ಅವನ ಕಾಲು ನಡುಗಿದವು. ಎದ್ದು ನಿಲ್ಲಲು ಹೋಗಿ ಬಿದ್ದ. ಬಾಯಲ್ಲಿ ನೊರೆ. ನಾನು ಕಿರುಚಿದ್ದಕ್ಕೆ ಮೊದಲು ಬಂದವಳು ಹುಸೇನಬಿ ಆಯಿ, ಓಣಿ ಸುತ್ತಿ ನಮ್ಮ ಮುಂಬಾಗಿಲಿನಿಂದ. ಎಂದೂ ಮುಟ್ಟದವಳು ಮೋತ್ಯಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊಡಗಟ್ಟಲೆ ನೀರು ಸುರಿಸಿದಳು. ಆಮೇಲೆ ನನ್ನ ಎರಡೂ ಕೈ ಹಿಡಿದು ಮೊಣಕೈ ತನಕ ಸಾಬೂನು ಹಚ್ಚಿ ಮತ್ತೆ ಮತ್ತೆ ತೊಳೆದಳು. ಅಷ್ಟರಲ್ಲಿ ಕಾಕಾ, ಅಪ್ಪ, ಅವ್ವ ಎಲ್ಲರೂ ಬಂದಿದ್ದರು.

"ಏನ ಹಚ್ಚೀರಿ ಇದರ ಮೈಗೆ?" ಎಂದು ಆಯಿ ಕೇಳಿದಳು.

"ಹುಡುಗಿ ಬಾಯಿ ಹಗ್ಗ ಬಿಚ್ಚ್ಯಾಳ. ನೆಕ್ಕಿ ಬಿಟ್ಟೈತಿ," ಎಂದ ಕಾಕಾ.

ಆ ಮಾತಿನಲ್ಲಿ ಸುಳ್ಳು ಎಂಬುದು ಒಂದಕ್ಷರವೂ ಇರಲಿಲ್ಲ. ಅದಕ್ಕೇ ಅದು ಗಟ್ಟಿಯಾಗಿ ನಿಂತಿತು. ಅಪ್ಪ ಇಳಕಲ್ಲಿನ ದನದ ದವಾಖಾನೆಗೆ ಒಯ್ಯೋಣ ಎಂದ. ಕಾಕಾ ಬೈಕ್ ಹೊರಗೆ ತಂದು ಚಾಲೂ ಮಾಡಿದ. ಅಪ್ಪ ಮೋತ್ಯಾನನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡ. ಕಾಕಾ ಒಂದು ಕ್ಷಣ ಹಾಗೇ ಕೂತಿದ್ದು ಕೀಲಿ ತಿರುಗಿಸಿ ಬಂದ್ ಮಾಡಿದ. ದಾರಿಯಲ್ಲೇ ಹೋಗುತ್ತದೆ, ಸುಮ್ಮನೆ ಯಾಕೆ ಎಂದ. ಡಾಕ್ಟರು ಮೊದಲು ಕೇಳುವ ಪ್ರಶ್ನೆಯೇ ಏನು ಹಚ್ಚಿದಿರಿ, ಎಷ್ಟು ಹಚ್ಚಿದಿರಿ ಎಂಬುದು. ಆಗ ನನಗೆ ಇದು ಹೊಳೆಯಲಿಲ್ಲ. ಸಂಜೆಯೊಳಗೆ ಮೋತ್ಯಾ ಸತ್ತ.

ನಾನೂ ವಾಂತಿ ಮಾಡಿಕೊಂಡೆ, ಕಣ್ಣು ಮಂಜಾಯಿತು. ಬಿಸಿಲು ಹತ್ತಿದೆ ಎಂದು ಮಜ್ಜಿಗೆ ಕುಡಿಸಿ ಮಲಗಿಸಿದರು. ಅಪ್ಪ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ನಾನು ಹಗ್ಗ ಬಿಚ್ಚಿದಾಕೆ. ಕರುವಿಗೆ ನೀರು ಕುಡಿಸಲು ಹೋದರೆ, ಇವಳ ಕೈಗೆ ಕೊಡಬೇಡಿ, ಹಗ್ಗ ಬಿಚ್ಚ್ಯಾಳು ಎಂದು ನಗುತ್ತಿದ್ದರು. ನೆಂಟರು ಬಂದಾಗ ಕಾಕಾ ಈ ಕಥೆಯನ್ನು ಅಭಿನಯ ಮಾಡಿ ಹೇಳುತ್ತಿದ್ದ, ನಾನು ಯಾಕ ಕಾಕಾ ಎಂದು ಕೇಳಿದ ಧಾಟಿ ಸಮೇತ. ಎರಡನೆಯ ಮುಚ್ಚಳದ ಮಾತು ಮಾತ್ರ ಆ ಕಥೆಯಲ್ಲಿ ಒಮ್ಮೆಯೂ ಬರಲಿಲ್ಲ. ನನ್ನ ಮದುವೆಯಲ್ಲಿ ಬೀಗರ ಮುಂದೆಯೂ ಹೇಳಿದ. ನಮ್ಮ ಶಾರಿ ಭಾಳ ಅಂತಃಕರಣದಾಕೆ, ಅದರಿಂದಲೇ ಒಂದು ಜೀವ ಹೋಗಿದೆ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಕೆರೂರಿನಲ್ಲಿ ನನ್ನ ಗಂಡನದು ಬೀಜ, ಗೊಬ್ಬರ, ಔಷಧದ ಅಂಗಡಿ. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನಾನು ಕೂಡುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ರೈತ ಬಂದು ಹತ್ತಿಯ ಹುಳದ ಅದೇ ಔಷಧದ ಬಾಟಲಿ ಕೈಗೆತ್ತಿಕೊಂಡು, ಎಮ್ಮೆಕರುವಿನ ಹೇನಿಗೆ ಎಷ್ಟು ಮುಚ್ಚಳ ಹಾಕಬೇಕು ತಂಗಿ ಎಂದು ಕೇಳಿದ. ಗೊತ್ತಿಲ್ಲವೆಂದು, ನೋಡಿ ಹೇಳೋಣವೆಂದು ಡಬ್ಬಿಯೊಳಗಿನ ಕಾಗದ ಬಿಚ್ಚಿದೆ. ಇರುವೆ ಗಾತ್ರದ ಕನ್ನಡ ಅಕ್ಷರ. ಚರ್ಮದ ಮೂಲಕ ದೇಹ ಸೇರುತ್ತದೆ. ಗಾಯದ ಮೇಲೆ ಬೀಳದಂತೆ ನೋಡಿಕೊಳ್ಳಿ. ಬರಿಗೈಯಲ್ಲಿ ಮುಟ್ಟಬೇಡಿ. ಜೊಲ್ಲು, ನಡುಕ, ವಾಂತಿ, ಕಣ್ಣು ಮಂಜಾಗುವುದು. ಒಂದೊಂದು ಸಾಲೂ ನಮ್ಮ ಹಿತ್ತಲಿನದೇ. ಹಗ್ಗ ಇದ್ದರೂ ಮೋತ್ಯಾ ಉಳಿಯುತ್ತಿರಲಿಲ್ಲ. ನಾನು ತಿಕ್ಕಿ ಮುಗಿಸುವ ಹೊತ್ತಿಗೇ ಅವನ ಕೆಲಸ ಮುಗಿದಿತ್ತು. ಆ ರೈತನಿಗೆ ಬಾಟಲಿ ಕೊಡಲಿಲ್ಲ. ದನದ ಡಾಕ್ಟರ ಹತ್ತಿರ ಹೋಗು ಎಂದು ಕೂಗಾಡಿದೆ. ಪಾಪ, ಅವನು ಗಾಬರಿಯಾಗಿ ಹೋದ.

ಮರುವಾರ ಗುಡೂರಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ. ಕಾಗದ ಅವನ ಮುಂದಿಟ್ಟೆ. ಓದಲು ಕನ್ನಡಕ ತರಿಸಲಿಲ್ಲ.

"ಗೊತ್ತೈತಿ ತಂಗಿ. ಅವತ್ತ ಗೊತ್ತಾಗಿತ್ತು. ಮುಚ್ಚಳ ಜಾಸ್ತಿ ಆತು."

"ಮತ್ತ ಯಾಕ ಹೇಳಲಿಲ್ಲ?"

"ನಿಮ್ಮಪ್ಪಗ ಅದರ ಮ್ಯಾಲ ಭಾಳ ಜೀವ ಇತ್ತು. ನಾನ ಅಂತ ತಿಳಿದಿದ್ರ ಅಂವಾ ನನ್ನ ಮಾರಿ ನೋಡ್ತಿದ್ದಿಲ್ಲ. ನೀ ಸಣ್ಣಾಕಿ. ಸಣ್ಣವರ ತಪ್ಪು ಯಾರ ಮನಸಿನ್ಯಾಗ ಇಟಗೋತಾರ?"

"ನನ್ನ ಕೈನೂ ಅದರಾಗ ಅದ್ದಿಸಿದ್ದಿ ಕಾಕಾ."

ಅವನು ಒಳಗೆ ಕಾಕಿಗೆ ಚಹಾ ಇಡಲು ಹೇಳಿದ. ನಾನು ಕುಡಿಯದೇ ಎದ್ದು ಬಂದೆ.

ಯಾರು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂದನಲ್ಲ, ಹೇಳುತ್ತೇನೆ. ನನ್ನ ಮಗನನ್ನು ಮೊದಲ ದಿನ ಅಂಗನವಾಡಿಗೆ ಬಿಟ್ಟಾಗ ಅವನು ಕಿಟಕಿಯ ಸರಳು ಹಿಡಿದು ಅತ್ತ. ಬೇರೆ ತಾಯಂದಿರು ಹೋಗಿ ಎತ್ತಿಕೊಂಡರು. ನಾನು ಕೈ ಕಟ್ಟಿಕೊಂಡು ನಿಂತೆ. ಎಂಥ ಗಟ್ಟಿ ಹೆಂಗಸು ಎಂದು ಟೀಚರು ಹೊಗಳಿದರು. ಗಟ್ಟಿಯಲ್ಲ, ಹೆದರಿಕೆ. ಯಾರಾದರೂ ಅತ್ತರೆ ನನಗೆ ಮರುಕ ಬರುವ ಮುಂಚೆ ಹೆದರಿಕೆ ಬರುತ್ತದೆ, ನಾನು ಮುಟ್ಟಿದರೆ ಏನಾಗುತ್ತದೋ ಎಂದು. ಭಾನುವಾರ ಹಿತ್ತಲಲ್ಲಿ ಹಾಡುತ್ತ ನಾಯಿಯ ಕಿವಿ ತೊಳೆಯುತ್ತಿದ್ದ ಹುಡುಗಿಗೆ ತನ್ನ ಕೈಗಳ ಮೇಲೆ ಅಂಥ ಸಂಶಯ ಇರಲಿಲ್ಲ. ಅವಳು ಹೋದದ್ದು ಮೋತ್ಯಾನ ಜೊತೆಗೇ. ಈಗ ಮಗ ನಾಯಿ ಬೇಕೆಂದು ಹಟ ಹಿಡಿದಿದ್ದಾನೆ. ನನ್ನಿಂದ ಹೂಂ ಎನ್ನಲು ಆಗುತ್ತಿಲ್ಲ.

ಅಪ್ಪ ತೀರಿಕೊಂಡು ಆರು ವರ್ಷ. ಅವನಿಗೆ ಹೇಳುವ ದಾರಿ ಇಲ್ಲ. ಅವ್ವನಿಗೆ ಎಲ್ಲ ಹೇಳಿದೆ. ಅವಳು ನನ್ನ ಬೆನ್ನು ಸವರಿ, "ಅರವತ್ತಾತು ಅಂವಗ. ಈ ವಯಸ್ಸಿನ್ಯಾಗ ಅಂವನ ಮನಸ್ಸು ಯಾಕ ನೋಯಸ್ತಿ, ಬಿಡು," ಎಂದಳು.

ಅವನಿಗೆ ಅರವತ್ತು, ಅದಕ್ಕೆ ಬಿಡಬೇಕು. ನನಗೆ ಆಗ ಹತ್ತು.