ಹತ್ತಿಕುಣಿಯ ಕ್ಯಾಪ್ಟನ್

ಅವಳ ಬೆರಳುಗಳು ಎಷ್ಟು ಉದ್ದವಿದ್ದವೆಂದರೆ ಬಾಸ್ಕೆಟ್‌ಬಾಲನ್ನು ಒಂದೇ ಕೈಯಲ್ಲಿ ಮೇಲಿನಿಂದ ಹಿಡಿದು ಎತ್ತಿಬಿಡುತ್ತಿದ್ದಳು, ನಾವು ರೊಟ್ಟಿ ಹಿಟ್ಟಿನ ಉಂಡೆ ಎತ್ತುವ ಹಾಗೆ. ಯಾದಗಿರಿಯ ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದಳು. ಹುಡುಗಿಯರ ತಂಡದ ನಾಯಕಿ. ನಮಗೆಲ್ಲ ಕ್ಯಾಪ್ಟನ್ ಅಕ್ಕ.

ಊರು ಹತ್ತಿಕುಣಿ. ತಂದೆ ಇರಲಿಲ್ಲ, ಅವ್ವ ಹೊಲದ ಕೂಲಿಗೆ ಹೋಗುತ್ತಿದ್ದಳು. ಮಗಳ ಎತ್ತರ ನೋಡಿ ಊರವರು ‘ಒಂಟಿ’, ಅಂದರೆ ಒಂಟೆ, ಅಂತ ಹೆಸರಿಟ್ಟಿದ್ದರು. ನೋಡಲು ಬಂದ ಗಂಡಿನವರು ಚಹಾ ಕುಡಿದು, ಹುಡುಗಿ ಎದ್ದು ನಿಂತ ಕೂಡಲೇ ಮುಖ ಮುಖ ನೋಡಿಕೊಂಡು ಚಪ್ಪಲಿ ಮೆಟ್ಟುತ್ತಿದ್ದರಂತೆ. ಅದನ್ನು ಅವಳೇ ನಟಿಸಿ ತೋರಿಸಿ ನಮ್ಮನ್ನು ನಗಿಸುತ್ತಿದ್ದಳು. ಕಾಲೇಜಿಗೆ ಬಂದ ಹೊಸದರಲ್ಲಿ ಬೆನ್ನು ಬಗ್ಗಿಸಿ ನಡೆಯುತ್ತಿದ್ದವಳ ಕೈಗೆ ಪಿ.ಟಿ. ಸರ್ ಚೆಂಡು ಕೊಟ್ಟರು. ಮೈದಾನದಲ್ಲಿ ನೆಟ್ಟಗೆ ನಿಲ್ಲುವುದನ್ನು ಕಲಿತಳು. “ಇಲ್ಲಿ ಯಾರೂ ಬಗ್ಗು ಅನ್ನಂಗಿಲ್ಲ ನೋಡು,” ಅಂದಿದ್ದಳು.

ತಂಡದಲ್ಲಿ ನಾನೇ ಗಿಡ್ಡಿ, ಚೆಂಡೆಂದರೆ ಹೆದರುವವಳು. ನನಗೆ ದಿನವೂ ಒಂದೇ ಪಾಠ: “ಬಾಲ್ ನೋಡಬ್ಯಾಡ, ನನ್ನ ಮಾರಿ ನೋಡು. ಎಲ್ಲಿ ಕೊಡ್ತೀನಂತ ಗೊತ್ತಾಗ್ತದ.”

ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು. ಕಲಬುರಗಿಯ ಶಿಬಿರದಲ್ಲಿ ಎದೆನೋವೆಂದು ಕುಸಿದಳು. ಡಾಕ್ಟರು ಮೊದಲು ನೋಡಿದ್ದು ಅವಳ ಬೆರಳು. ಆಮೇಲೆ ಎದೆಯ ಸ್ಕ್ಯಾನ್ ಮಾಡಿಸಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗಿತ್ತು. ಹುಟ್ಟಿನಿಂದಲೇ ಇರುವ ಕಾಯಿಲೆ, ಈ ಎತ್ತರ, ಈ ಉದ್ದ ಕೈ ಎಲ್ಲ ಅದರದೇ ಲಕ್ಷಣ ಎಂದರು.

“ಹಂಗಾದ್ರ ನನ್ನ ಮಗಳು ಬೆಳದದ್ದೇ ಬ್ಯಾನಿ ಏನ್ರಿ?” ಸುದ್ದಿ ತಿಳಿದು ಬಂದಿದ್ದ ಅವ್ವ ಕೇಳಿದಳು.

ಡಾಕ್ಟರು ಚೀಟಿ ಬರೆದುಕೊಟ್ಟರು. ಹೈದರಾಬಾದಿನಲ್ಲಿ ಆಪರೇಷನ್ ಆಗಬೇಕು, ಅಲ್ಲಿಯತನಕ ಓಡಬಾರದು, ಕೂಗಬಾರದು ಎಂದು ಹೇಳಿ ಕಳಿಸಿದರು.

ಸರದಿಗೆ ಕಾಯುತ್ತಿದ್ದ ಆ ದಿನಗಳಲ್ಲೇ ಶಹಾಪುರದಲ್ಲಿ ನಮ್ಮ ಪಂದ್ಯ. ಬೇಡವೆಂದರೂ ಬಂದು ಗೆರೆಯಾಚೆ ಕುರ್ಚಿ ಹಾಕಿಸಿಕೊಂಡು ಕೂತಳು. ಅವಳ ಜಾಗದಲ್ಲಿ ನಾನು ಆಡುತ್ತಿದ್ದೆ. ಚೆಂಡು ಕೈತಪ್ಪಿದಾಗಲೆಲ್ಲ ಅತ್ತ ನೋಡಿದರೆ, ಕೂಗು ಹೊರಗೆ ಬಾರದಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಸೋತೆವು. ತಿರುಗಿ ಬರುವಾಗ ಬಸ್ಸಿನಲ್ಲಿ, “ಕುಂತು ನೋಡೋದು ಭಾಳ ಕಷ್ಟ ಅದವ್ವಾ,” ಎಂದಷ್ಟೇ ಅಂದಳು.

ಹೈದರಾಬಾದಿನಿಂದ ಕರೆ ಬರುವ ಮೊದಲೇ, ಒಂದು ಬೆಳಿಗ್ಗೆ ಮನೆಯ ಮುಂದೆ ತಲೆ ಬಾಚಿಕೊಳ್ಳುತ್ತ ಕೂತವಳು ಗೋಡೆಗೆ ಒರಗಿಬಿಟ್ಟಳಂತೆ. ಯಾದಗಿರಿಗೆ ಒಯ್ಯುವ ಹಾದಿಯಲ್ಲೇ ಜೀವ ಹೋಯಿತು.

ಮಣ್ಣು ಮುಗಿದ ಮೇಲೆ ತಂಡದವರೆಲ್ಲ ಅವರ ಕಟ್ಟೆಯ ಮೇಲೆ ಕೂತಿದ್ದೆವು. ಅವ್ವ ಬಂದು ನನ್ನ ಕೈ ಹಿಡಿದಳು.

“ದಿನಾ ಕೂಲಿ. ಒಂದಿನಾನೂ ನಾ ಬಂದು ನೋಡಲಿಲ್ಲವ್ವಾ. ಹ್ಯಾಂಗ ಆಡ್ತಿದ್ಲು ನನ್ನ ಮಗಳು?”

ಎದ್ದು ಅಂಗಳಕ್ಕಿಳಿದೆ. ಇಲ್ಲದ ಚೆಂಡನ್ನು ಪುಟಿಸುತ್ತ ಓಡಿ, ಕೈ ಮೇಲೆತ್ತಿ ಹಾರಿದೆ. ಕ್ಯಾಪ್ಟನ್ ಅಕ್ಕ ನಿಂತಲ್ಲೇ ಕೈ ಚಾಚಿದಷ್ಟು ಎತ್ತರವೂ ನನಗೆ ಸಿಗಲಿಲ್ಲ.

ಅವ್ವ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

“ಇನ್ನೊಮ್ಮಿ ಹಾರವ್ವಾ,” ಅಂದಳು.